ಬೆಳ್ಗಲ್ಲಿನ ಖಾಲಿ ಪೀಠ

ಬಹಳ ಬಹಳ ಹಿಂದೆ, ಕಲ್ಲಿಗೂ ಹೊಳೆಗೂ ಮಾತು ಇನ್ನೂ ಮರೆತುಹೋಗದಿದ್ದ ಕಾಲದಲ್ಲಿ, ಬೆಳ್ಗಲ್ಲು ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದವರು ಸಾರಂಗ ಕುಲದ ಅರಸರು. ಒಬ್ಬರಲ್ಲ, ಇಬ್ಬರಲ್ಲ, ಏಳು ತಲೆಮಾರು. ಬೇರೆ ಅರಸರು ಕೋಟೆ ಕಟ್ಟಿದರು, ಕಂದಕ ತೋಡಿದರು. ಇವರಿಗೆ ಮಾತ್ರ ಒಂದೇ ಹುಚ್ಚು. ಹೊಳೆದಂಡೆಯಲ್ಲಿ ಬುದ್ಧಗುರುವಿನ ನೆನಪಿಗೊಂದು ಸ್ತೂಪ ಕಟ್ಟಬೇಕು, ಅಪ್ಪ ಬಿಟ್ಟ ಕಡೆಯಿಂದ ಮಗ ಮುಂದುವರಿಸಬೇಕು. ಮೊದಲನೆಯ ಅರಸ ಬೋರಲು ಹಾಕಿದ ಬಟ್ಟಲಿನ ಹಾಗೆ ಇಟ್ಟಿಗೆಯ ಗುಡ್ಡ ಎಬ್ಬಿಸಿದ. ಎರಡನೆಯವನು ಅದಕ್ಕೆ ಬಿಳಿಗಲ್ಲಿನ ಚಪ್ಪಡಿ ಹೊದಿಸಿದ. ಮೂರನೆಯವನು ನೆತ್ತಿಗೆ ಚಿನ್ನದ ಕಳಸ ಇಟ್ಟ. ಹೀಗೆ ಏಳನೆಯವನಾದ ಮಿಗಸೇನ ಅರಸನ ಕಾಲಕ್ಕೆ ಸ್ತೂಪದ ಮೈತುಂಬ ರೆಕ್ಕೆಯ ಸಿಂಹ, ಆನೆ, ನಾಗ, ಹಂಸಗಳು ಮೂಡಿ ನಿಂತಿದ್ದವು. ನೋಡಲು ಬಂದವರು ಕಟ್ಟಿಕೊಂಡು ಬಂದ ಬುತ್ತಿ ಬಿಚ್ಚುವುದನ್ನೂ ಮರೆಯುತ್ತಿದ್ದರು.

ಆ ನಾಡಿನಲ್ಲಿ ಎರಡು ಪದ್ಧತಿ ಇದ್ದವು. ಇಡೀ ಕತೆ ನಿಂತಿರುವುದೇ ಅವುಗಳ ಮೇಲೆ. ಅದಕ್ಕೇ ಈಗಲೇ ಹೇಳಿಬಿಡುತ್ತೇನೆ, ಕಿವಿಗೊಟ್ಟು ಕೇಳಿ.

ಒಂದು, ಅಲ್ಲಿ ಯಾರೂ ಬುದ್ಧಗುರುವಿನ ಮೈಯನ್ನು ಕೆತ್ತುತ್ತಿರಲಿಲ್ಲ. ಒಂದು ಪೀಠ, ಅದರ ಮೇಲೊಂದು ದಿಂಬು, ಮೇಲೆ ಕೊಡೆ, ಕೆಳಗೆ ಎರಡು ಪಾದದ ಗುರುತು, ಅಷ್ಟೇ. ಪೀಠ ಖಾಲಿ. ಜನ ಆ ಖಾಲಿ ಪೀಠಕ್ಕೇ ಕೈ ಮುಗಿಯುತ್ತಿದ್ದರು.

ಇನ್ನೊಂದು, ಸ್ತೂಪದ ಪ್ರತಿ ಚಪ್ಪಡಿಯೂ ಯಾರಾದರೊಬ್ಬರ ದಾನ. ಅರಸನೂ ಕೊಡಬಹುದು, ಹೂ ಮಾರುವವಳೂ ಕೊಡಬಹುದು. ಚಪ್ಪಡಿಯ ಬುಡದಲ್ಲಿ ಕೊಟ್ಟವರ ಹೆಸರೂ ಕೊಟ್ಟದ್ದೇನು ಎಂಬುದೂ ಕೆತ್ತಬೇಕು, ಕೊಟ್ಟವರು ಕೈಯಾರೆ ಧಾರೆಯ ನೀರು ಬಿಡಬೇಕು. ನೀರು ಬಿತ್ತೋ, ಮುಗಿಯಿತು. ಆಮೇಲೆ ಅದು ಅವರದ್ದಲ್ಲ. ಐದನೆಯ ಅರಸ ಒಮ್ಮೆ ತನ್ನ ಬೆಳ್ಗೊಡೆಯನ್ನೇ ಸ್ತೂಪಕ್ಕೆ ಧಾರೆ ಎರೆದನಂತೆ. ಅರಮನೆಗೆ ಹೊರಟ, ಧೋ ಎಂದು ಮಳೆ ಹಿಡಿಯಿತು. ಕೊಡೆ ಅಲ್ಲೇ ಹತ್ತು ಹೆಜ್ಜೆಯಲ್ಲಿತ್ತು. ಅರಸ ಅದರ ಕಡೆ ತಿರುಗಿಯೂ ನೋಡದೆ ತೊಪ್ಪೆಯಾಗಿ ತೊಯ್ದುಕೊಂಡು ಮನೆಗೆ ಹೋದ. ಮೂರು ದಿನ ಸೀನಿದ.

ಸ್ತೂಪದ ಕಲ್ಲುಕುಟಿಗರಲ್ಲಿ ಮೂಲಯ್ಯ ಹಿರಿಯ. ಅವನ ಅಜ್ಜನೂ ಇಲ್ಲೇ ಉಳಿ ಹಿಡಿದವನು, ಅಪ್ಪನೂ ಇಲ್ಲೇ. ಮೂಲಯ್ಯನಿಗೆ ಒಬ್ಬಳೇ ಮಗಳು, ಪದುಮೆ. ಇಪ್ಪತ್ತರ ಹುಡುಗಿ. ಹಟಮಾರಿ ಅಂದರೆ ಹಟಮಾರಿ. ಏಳನೇ ವಯಸ್ಸಿಗೆ ಉಳಿ ಕೇಳಿದಳು, ಅಪ್ಪ ಕೊಡಲಿಲ್ಲ. ಮೂರು ಹೊತ್ತು ಊಟ ಬಿಟ್ಟಳು, ಅಪ್ಪ ಕೊಟ್ಟ. ಈಗ ಅವಳು ಕೆತ್ತಿದ ಹಂಸಕ್ಕೂ ಅವನು ಕೆತ್ತಿದ ಹಂಸಕ್ಕೂ ವ್ಯತ್ಯಾಸ ಹೇಳಲು ಇಬ್ಬರಿಗೆ ಮಾತ್ರ ಗೊತ್ತಿತ್ತು, ಅವನಿಗೆ ಮತ್ತು ಅವಳಿಗೆ.

"ಕೂತವರನ್ನು ಕೆತ್ತೋದು ಸುಲಭ ಮಗಳೇ," ಎನ್ನುತ್ತಿದ್ದ ಮೂಲಯ್ಯ. "ಎದ್ದು ಹೋದವರನ್ನು ಕೆತ್ತೋದಿದೆಯಲ್ಲ, ಅದು ಕಷ್ಟ. ದಿಂಬಿನ ನಡುವೆ ಒಂದು ಸಣ್ಣ ತಗ್ಗು ಬರಬೇಕು. ಈಗಷ್ಟೇ ಎದ್ದರು ಅನ್ನೋ ಹಾಗೆ. ಹೆಚ್ಚಾದರೆ ಹರಿದ ದಿಂಬು, ಕಡಿಮೆಯಾದರೆ ಹೊಸ ದಿಂಬು."

ಹೀಗೆ ಎಲ್ಲ ಚೆನ್ನಾಗಿಯೇ ನಡೆಯುತ್ತಿದ್ದಾಗ ಜಂಭಕ ಬಂದ.

ಜಂಭಕ ಮಾಂತ್ರಿಕ. ಮುಖಕ್ಕೆ ಸುಣ್ಣ ಬಳಿದುಕೊಂಡಿದ್ದ, ಸೊಂಟದಲ್ಲಿ ಸುಣ್ಣದ ಚೀಲ. ಅವನ ಬಲವೆಲ್ಲ ಉಸಿರಿನಲ್ಲಿತ್ತು. ಹಾಡಹಗಲೇ ಸ್ತೂಪದ ಅಂಗಳಕ್ಕೆ ನಡೆದು ಬಂದ. ಪೂಜೆಗೆ ನಿಂತಿದ್ದ ಮಿಗಸೇನ ಅರಸನ ಎದುರು ಅಂಗೈಯಲ್ಲಿ ಚಿಟಿಕೆ ಸುಣ್ಣ ಹಿಡಿದು ಉಫ್ ಎಂದು ಊದಿದ. ಅಷ್ಟೇ! ಅರಸ ಹಿಂದಕ್ಕೆ ಸರಿದು ಚಪ್ಪಡಿಗೆ ಅಂಟಿ, ಚಪ್ಪಟೆಯಾಗಿ, ಕಲ್ಲಿನ ಚಿತ್ರವಾಗಿಬಿಟ್ಟ. ಆ ಚಪ್ಪಡಿಯಲ್ಲಿದ್ದ ಸಿಂಹ ಜಾಗ ಸಾಲದೆ ಹೊರಗೆ ಹಾರಿತು. ಒಬ್ಬರು ಒಳಗೆ ಹೋದರೆ ಒಂದು ಮೃಗ ಹೊರಗೆ. ರಾಣಿ ಒಳಗೆ, ಐದು ಹೆಡೆಯ ನಾಗ ಹೊರಗೆ. ಮಂತ್ರಿ ಒಳಗೆ, ಹಂಸ ಹೊರಗೆ. ಜನ ಎದ್ದೆವೋ ಬಿದ್ದೆವೋ ಎಂದು ಓಡಿದರು.

ಆಮೇಲೆ ಜಂಭಕ ಖಾಲಿ ಪೀಠದ ಎದುರು ಹೋಗಿ ನಿಂತ. ಅವನಿಗೆ ಬೇಕಾಗಿದ್ದದ್ದು ಅದೇ. ಏಳು ತಲೆಮಾರಿನ ಜನ ಕೈ ಮುಗಿದ ಜಾಗ! ಅಲ್ಲಿ ತಾನು ಕೂತರೆ ಮುಗಿದ ಕೈಯೆಲ್ಲ ತನಗೇ, ಆಮೇಲೆ ತನಗೆ ಸಾವೇ ಇಲ್ಲ. ತನ್ನ ಮೇಲೆ ತಾನೇ ಸುಣ್ಣ ಊದಿಕೊಂಡ. ಏನೂ ಆಗಲಿಲ್ಲ. ಮತ್ತೆ ಊದಿಕೊಂಡ, ಕೆಮ್ಮು ಬಂತು. ಹೊರಗೆ ಬರಲು ಆ ಪೀಠದಲ್ಲಿ ಯಾರೂ ಇರಲಿಲ್ಲ, ಹಾಗಾಗಿ ಒಳಗೆ ಹೋಗಲು ದಾರಿಯೂ ಇರಲಿಲ್ಲ. ಇದು ಉಸಿರಿನಿಂದ ಆಗುವ ಕೆಲಸವಲ್ಲ, ಉಳಿಯಿಂದ ಆಗಬೇಕು ಎಂದು ಅವನಿಗೆ ಹೊಳೆಯಿತು.

"ಏಯ್ ಮುದುಕ, ಈ ಪೀಠದ ಮೇಲೆ ನನ್ನನ್ನು ಕೆತ್ತು," ಎಂದ ಮೂಲಯ್ಯನಿಗೆ.

"ಅದು ಕೂರೋ ಪೀಠ ಅಲ್ಲ ಸ್ವಾಮಿ," ಎಂದ ಮೂಲಯ್ಯ. "ಬೇರೆ ಎಲ್ಲಾದರೂ ಕೆತ್ತಿಕೊಡ್ತೀನಿ."

ಜಂಭಕ ಎರಡು ಸಲ ಕೇಳುವ ಜಾತಿಯವನಲ್ಲ. ಉಫ್ ಎಂದ. ಮೂಲಯ್ಯ ಕೈಯಲ್ಲಿ ಉಳಿ ಎತ್ತಿಕೊಂಡಿದ್ದ ಹಾಗೇ ಬಾಗಿಲ ಪಕ್ಕದ ಚಪ್ಪಡಿಗೆ ಸೇರಿಹೋದ. ಅಲ್ಲಿದ್ದ ಆನೆ ಸೊಂಡಿಲು ಬೀಸುತ್ತ ಹೊರಗೆ ಬಂತು.

ಪದುಮೆ ಓಡಿ ಬಂದು ನೋಡಿದಾಗ ಅಪ್ಪ ಕಲ್ಲಾಗಿದ್ದ. ಸೆರಗಿನಿಂದ ಅವನ ಮುಖದ ಮೇಲಿನ ಸುಣ್ಣದ ಪುಡಿ ಒರೆಸಿದಳು. ಕೆನ್ನೆ ತಣ್ಣಗಿತ್ತು. ಕಣ್ಣೀರು ಧಾರಾಕಾರ ಸುರಿಯಿತು.

"ಅತ್ತದ್ದು ಸಾಕು," ಎಂದ ಜಂಭಕ ಹಿಂದಿನಿಂದ. "ನಿನಗೂ ಉಳಿ ಹಿಡಿಯೋಕೆ ಬರುತ್ತಂತೆ. ವೈಶಾಖ ಹುಣ್ಣಿಮೆಗೆ ಒಂಬತ್ತು ದಿನ ಇದೆ. ಆವತ್ತು ಸೂರ್ಯ ನೆತ್ತಿಗೆ ಬರೋದರೊಳಗೆ ನನಗೆ ಪೀಠ ಬೇಕು. ಆಗಲಿಲ್ಲವೋ, ಈ ಚಪ್ಪಡಿ ಒಡೆದು ಸುಣ್ಣದ ಗೂಡಿಗೆ ಹಾಕ್ತೀನಿ. ನಿನ್ನಪ್ಪನ್ನ ಸುಟ್ಟ ಸುಣ್ಣದಲ್ಲೇ ಮುಂದಿನವರನ್ನು ಊದ್ತೀನಿ."

ಪದುಮೆ ಕಣ್ಣೊರೆಸಿಕೊಂಡು ನೇರ ಖೇಮವ್ವನ ಹತ್ತಿರ ಹೋದಳು. ಖೇಮವ್ವ ಎಂಬತ್ತು ದಾಟಿದ ಬಿಕ್ಕುಣಿ, ಸ್ತೂಪದ ಪಕ್ಕದ ವಿಹಾರದಲ್ಲಿದ್ದ ಸನ್ಯಾಸಿನಿ. ಸ್ತೂಪದಲ್ಲಿ ಯಾರೇ ದಾನ ಕೊಡಲಿ, ಧಾರೆಯ ಮಾತು ಹೇಳಿಕೊಡುವವಳು ಅವಳೇ.

"ಅವ್ವಾ, ಅಪ್ಪನ್ನ ನಾನು ಬಿಡೋದಿಲ್ಲ. ಪೀಠದ ಮೇಲೆ ಆ ಮಾಂತ್ರಿಕನನ್ನ ಕೆತ್ತೋದೂ ಇಲ್ಲ."

"ಎರಡೂ ಹೇಗೆ ಆಗುತ್ತೆ ಮಗಳೇ?"

"ಗೊತ್ತಿಲ್ಲ. ಆಗಲೇಬೇಕು."

ಖೇಮವ್ವ ಬೊಚ್ಚುಬಾಯಿಯಲ್ಲಿ ನಕ್ಕಳು. "ಅವನು ಎಲ್ಲ ಕಡೆ ಕಿತ್ಕೊಂಡೇ ಬಂದವನು. ಹುಟ್ಟಿದ ಮೇಲೆ ಯಾರಿಗಾದರೂ ಏನಾದರೂ ಕೊಟ್ಟಿದ್ದಾನಾ? ಕೊಡೋದು ಅಂದರೆ ಏನು ಅಂತ ಅವನಿಗೆ ಗೊತ್ತಿದೆಯಾ? ಯೋಚನೆ ಮಾಡು."

ಪದುಮೆ ಯೋಚನೆ ಮಾಡಿದಳು. ಮಾಡಿ ಜಂಭಕನ ಹತ್ತಿರ ಬಂದಳು. "ಹಳೇ ಚಪ್ಪಡಿ ಎರಡನೇ ಅರಸರ ದಾನ. ಅದನ್ನ ಮುಟ್ಟೋ ಹಾಗಿಲ್ಲ. ಹೊಸ ಚಪ್ಪಡಿ ತಂದು ಅದರ ಮುಂದೆ ನಿಲ್ಲಿಸ್ತೀನಿ. ನಮ್ಮಲ್ಲಿ ಪೀಠ ಹೇಗೆ ಕೆತ್ತಬೇಕೋ ಹಾಗೇ ಕೆತ್ತುತ್ತೀನಿ. ಒಂದು ಗೆರೆ ಹೆಚ್ಚಿಲ್ಲ, ಒಂದು ಗೆರೆ ಕಡಿಮೆ ಇಲ್ಲ. ಆದರೆ ದಾನ ಕೊಡೋರು ಯಾರೇ ಆಗಲಿ, ಪದ್ಧತಿ ತಪ್ಪೋ ಹಾಗಿಲ್ಲ."

"ಪದ್ಧತಿಯೋ ಗಿದ್ಧತಿಯೋ, ಒಂಬತ್ತೇ ದಿನ," ಎಂದ ಜಂಭಕ.

ಕಲ್ಲು ಹೊಳೆಯಾಚೆಯ ಗುಡ್ಡದ ಗಣಿಯಲ್ಲಿತ್ತು. ಮೂಲಯ್ಯ ಹಿಂದಿನ ತಿಂಗಳೇ ಒಂದು ಚಪ್ಪಡಿ ಸೀಳಿ ಇಟ್ಟಿದ್ದ. ಆದರೆ ಹೊರಬಿದ್ದ ಸಿಂಹ ಅಲ್ಲಿಗೇ ಹೋಗಿ ಸೇರಿಕೊಂಡಿತ್ತು. ಹೆಜ್ಜೆ ಸದ್ದು ಕೇಳಿದರೆ ಸಾಕು, ಆ ದಿಕ್ಕಿಗೆ ಹಾರಿ ಪಂಜ ಬೀಸುತ್ತಿತ್ತು. ಈಗಾಗಲೇ ಎರಡು ಎತ್ತಿನಗಾಡಿ ಪುಡಿಯಾಗಿದ್ದವು.

ಪದುಮೆ ಬಂಡೆಯ ಮರೆಯಲ್ಲಿ ಕೂತು ಒಂದು ಜಾವ ಸಿಂಹವನ್ನೇ ನೋಡಿದಳು. ಕೆತ್ತುವವಳ ಕಣ್ಣಲ್ಲವೇ! ಎರಡು ಸಂಗತಿ ಕಂಡವು. ಚಪ್ಪಡಿಯಿಂದ ಎದ್ದ ಸಿಂಹವಾದ್ದರಿಂದ ಅದಕ್ಕೆ ಇದ್ದದ್ದು ಒಂದೇ ಮಗ್ಗುಲು. ಈ ಕಡೆಯಿಂದ ನೋಡಿದರೆ ಕೇಸರ, ಕಿವಿ, ರೆಕ್ಕೆ, ಪಂಜ. ಆ ಕಡೆಯಿಂದ ನೋಡಿದರೆ ಬರೀ ಚಪ್ಪಟೆ ಕಲ್ಲು. ಇನ್ನೊಂದು, ಇದ್ದ ಒಂದೇ ಕಣ್ಣಿಗೆ ಪಾಪೆ ಇರಲಿಲ್ಲ. ಅದನ್ನು ಕೆತ್ತಿದ ಅವಳ ಅಜ್ಜ, ಮೂಲಯ್ಯನ ಅಪ್ಪ, ಕಣ್ಣು ತೆರೆಸುವ ಮೊದಲೇ ತೀರಿಕೊಂಡಿದ್ದ, ಆಮೇಲೆ ಯಾರೂ ಅತ್ತ ಗಮನ ಕೊಟ್ಟಿರಲಿಲ್ಲ. ಪಾಪ, ಅದು ಕುರುಡು ಸಿಂಹ.

ಚಪ್ಪಟೆ ಕಡೆ ಕಿವಿ ಇಲ್ಲವಲ್ಲ. ಪದುಮೆ ಆ ಕಡೆಯಿಂದ ಉಸಿರು ಬಿಗಿಹಿಡಿದು ನಡೆದಳು. ಹತ್ತಿರ ಹೋಗಿ ಅಂಚಿನಿಂದ ಕೈ ಚಾಚಿ ಉಳಿಯನ್ನು ಕಣ್ಣಿನ ಮೇಲಿಟ್ಟಳು.

"ಯಾರೇ ಅದು?" ಸಿಂಹ ಗುಡುಗಿತು. ಗಣಿಯ ಚೂರುಕಲ್ಲುಗಳೆಲ್ಲ ಅದುರಿದವು.

"ನಿನ್ನ ಕೆತ್ತಿದವನ ಮೊಮ್ಮಗಳು. ಅಲುಗಾಡಬೇಡ. ಅಲುಗಿದರೆ ಉಳಿ ಜಾರುತ್ತೆ, ಇರೋ ಒಂದು ಕಣ್ಣೂ ಹೋಗುತ್ತೆ."

ಸಿಂಹ ಅಲುಗಲಿಲ್ಲ. ಅವಳ ಕೈಯೂ ಅಲುಗಲಿಲ್ಲ. ಸುತ್ತಿಗೆಯಿಂದ ಟಕ್, ಟಕ್. ಎರಡೇ ಏಟು. ಪಾಪೆ ಮೂಡಿತು. ಸಿಂಹ ಕಣ್ಣು ಬಿಟ್ಟು ಆಕಾಶ ನೋಡಿತು, ಹೊಳೆ ನೋಡಿತು, ಅವಳನ್ನೂ ನೋಡಿತು.

"ಇಷ್ಟು ಚೆನ್ನಾಗಿದೆಯಾ!" ಎಂದಿತು. ಆಮೇಲೆ, "ನನ್ನಿಂದ ಏನಾಗಬೇಕು?" ಎಂದು ಕೇಳಿತು. ಚಪ್ಪಡಿ ಎಂದಳು ಪದುಮೆ. ಸಿಂಹದ ಚಪ್ಪಟೆ ಮಗ್ಗುಲು ಕೆಲಸಕ್ಕೆ ಬಂತು. ಅದರ ಮೇಲೆ ಚಪ್ಪಡಿ ಮಲಗಿಸಿ, ಗಾಡಿಯ ಹಾಗೆ ಹೊತ್ತು, ಹೊಳೆಯ ತನಕ ತಂದಿತು.

ಹೊಳೆಯಲ್ಲಿ ನಾಗನ ಮಡು. ಧಾರೆಯ ನೀರು ಆ ಮಡುವಿನದ್ದೇ ಆಗಬೇಕು, ಬೇರೆ ನೀರು ನಡೆಯದು. ಆದರೆ ಐದು ಹೆಡೆಯ ನಾಗ ಮಡುವಿಗೆ ಸುತ್ತು ಹಾಕಿ ಕೂತಿತ್ತು. ಕೊಡ ತಂದವರನ್ನು ಬಾಲದಿಂದ ಬಾರಿಸಿ ದಡಕ್ಕೆ ಎಸೆಯುತ್ತಿತ್ತು. ಪದುಮೆಯನ್ನೂ ಎಸೆಯಿತು. ಎದ್ದಳು, ಮೊಣಕೈ ಒರೆಸಿಕೊಂಡು ಮತ್ತೆ ಬಂದಳು. ಮತ್ತೆ ಎಸೆಯಿತು. ಮತ್ತೆ ಬಂದಳು. ಮೂರನೆಯ ಸಲ ಬಿದ್ದಾಗ ಕೆಳಗಿನಿಂದ ನೋಡಿದಳು, ಗೊತ್ತಾಯಿತು. ಐದು ಮೂತಿಗೂ ತುಟಿಯ ಗೆರೆ ಇತ್ತು, ಬಾಯಿ ಬಿಡಿಸಿರಲಿಲ್ಲ. ನೀರಿನಲ್ಲೇ ಮುಳುಗಿದ್ದರೂ ಅದಕ್ಕೆ ಒಂದು ಗುಟುಕು ಕುಡಿಯಲು ಆಗುತ್ತಿರಲಿಲ್ಲ. ತನಗಿಲ್ಲದ ನೀರು ಯಾರಿಗೂ ಬೇಡ ಎಂಬ ಸಿಟ್ಟು.

"ಬಾಯಿ ಬಿಡಿಸ್ತೀನಿ. ಆಮೇಲೆ ಕಚ್ಚಬಾರದು. ಒಪ್ಪಿಗೆಯಾ?" ಎಂದು ಕೇಳಿದಳು.

ಮಾತಾಡಲು ಬಾಯಿ ಎಲ್ಲಿದೆ? ತಲೆ ಆಡಿಸಿತು. ಮೂರು ತಲೆ ಒಪ್ಪಿಗೆ ಎಂದವು, ಎರಡು ತಲೆ ಇಲ್ಲ ಎಂದವು.

ಪದುಮೆಗೆ ನಗು ಬಂತು. ಒಪ್ಪಿದ ಮೂರರ ಬಾಯಿ ಮೊದಲು ಬಿಡಿಸಿದಳು. ಅವು ಮಡುವಿಗೆ ಮೂತಿಯಿಟ್ಟು ಗಟಗಟ ಕುಡಿದವು. ಹೊಟ್ಟೆ ಒಂದೇ ತಾನೇ! ಮಿಕ್ಕ ಎರಡು ತಲೆಗಳ ಸಿಟ್ಟೂ ಇಳಿಯಿತು, ನಾಚಿಕೊಂಡು ಮುಂದೆ ಬಂದವು. ಅವುಗಳ ಬಾಯಿಯನ್ನೂ ಬಿಡಿಸಿದಳು. ನಾಗ ಅವಳ ಕೊಡ ತುಂಬಿಸಿಕೊಟ್ಟಿತು. ಚಪ್ಪಡಿಯನ್ನು ಐದು ಹೆಡೆಯ ಮೇಲೆ ಇಟ್ಟುಕೊಂಡು ಹೊಳೆ ದಾಟಿಸಿತು. ಚಪ್ಪಡಿಯ ಮೇಲೆ ಕೂತ ಅವಳ ಕಾಲೂ ಒದ್ದೆಯಾಗಲಿಲ್ಲ.

ಇನ್ನು ಸ್ತೂಪದ ಬಾಗಿಲು. ಅಲ್ಲಿ ಆನೆ ಅಡ್ಡ ನಿಂತಿತ್ತು. ನಾಲ್ಕು ಜಲ್ಲೆ ಕಬ್ಬು ಒಟ್ಟಿಗೆ ಮುರಿದು ತಿನ್ನುತ್ತಿತ್ತು.

ಪದುಮೆ ಅದರ ಮುಂದೆ ನಿಂತು ಮೇಲಿಂದ ಕೆಳಗೆ ನೋಡಿದಳು, ಕೆಳಗಿಂದ ಮೇಲೆ ನೋಡಿದಳು. ಏನು ಬಿಟ್ಟುಹೋಗಿದೆ? ಏನೂ ಇಲ್ಲ. ಕಣ್ಣಿಗೆ ಪಾಪೆ ಇತ್ತು, ಬಾಯಿ ಬಿಡಿಸಿತ್ತು, ಉಗುರಿನ ಅಂಚು ಕೂಡ ನೀಟಾಗಿತ್ತು. ಅಪ್ಪ ಕೆತ್ತಿದ ಆನೆಯಲ್ಲಿ ಒಂದು ಕುಂದೂ ಇರಲಿಲ್ಲ. ಅವಳ ಕೈಯಲ್ಲಿನ ಉಳಿಗೆ ಇಲ್ಲಿ ಕೆಲಸವೇ ಇರಲಿಲ್ಲ.

"ಹುಡುಕಬೇಡಮ್ಮ," ಎಂದಿತು ಆನೆ. "ನನಗೆ ಏನೂ ಕಡಿಮೆ ಇಲ್ಲ. ನಿನ್ನಪ್ಪ ಒಳ್ಳೆಯ ಕೆಲಸಗಾರ. ಒಂದು ಮಾತು ಹೇಳು. ಅವನು ಹೊರಗೆ ಬರಬೇಕಾದರೆ ನಾನು ಒಳಗೆ ಹೋಗಬೇಕು, ಹೌದಾ?"

ಸುಳ್ಳು ಹೇಳಬಹುದಿತ್ತು. ಪದುಮೆ ಹೇಳಲಿಲ್ಲ. "ಹೌದು," ಎಂದಳು.

"ಮೂವತ್ತು ವರ್ಷ ಆ ಕಲ್ಲಿನಲ್ಲಿ ನಿಂತಿದ್ದೆ. ಎದುರಿಗೇ ಹೊಳೆ. ಒಂದು ದಿನ ಮೀಯಲಿಲ್ಲ. ಈಗ ಮೂರು ದಿನದಿಂದ ದಿನಕ್ಕೆ ಎರಡು ಸಲ ಮೀಯ್ತೀನಿ, ಕಬ್ಬು ತಿಂತೀನಿ. ಆ ಚಪ್ಪಡಿ ಸುಣ್ಣದ ಗೂಡಿಗೆ ಹೋದರೆ ನಾನು ಯಾವತ್ತೂ ಒಳಗೆ ಹೋಗಬೇಕಾಗಿಲ್ಲ. ನಿನಗೆ ಯಾಕಮ್ಮ ದಾರಿ ಬಿಡಲಿ?"

ಆನೆ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ನನಗೆ ಅಪ್ಪ ಬೇಕು," ಎಂದಳು ಕೊನೆಗೆ. "ಅದು ಬಿಟ್ಟು ಬೇರೆ ಕಾರಣ ಇಲ್ಲ. ಬದಲಿಗೆ ಕೊಡೋಕೆ ನನ್ನ ಹತ್ತಿರ ಕೈಕೆಲಸ ಒಂದೇ ಇರೋದು. ನಿನ್ನ ಚಪ್ಪಡಿಯ ತುಂಬ ಹೊಳೆ ಕೆತ್ತುತ್ತೀನಿ. ದಡದ ತುಂಬ ಕಬ್ಬು ಕೆತ್ತುತ್ತೀನಿ. ಜೊತೆಗೊಂದು ಹೆಣ್ಣಾನೆ."

ಆನೆ ಕಬ್ಬು ಅಗಿಯುವುದು ನಿಲ್ಲಿಸಿತು. "ಮರಿ?"

"ಮರಿಯೂ."

"ಮರಿ ನೀರಾಟ ಆಡ್ತಾ ಇರಬೇಕು."

"ಆಯ್ತು, ಆಡ್ತಾ ಇರುತ್ತೆ."

ಆನೆ ಬಹಳ ಹೊತ್ತು ಸೊಂಡಿಲು ತೂಗಿತು. "ಒಳಗೆ ಹೋಗೋ ಮಾತು ಆಮೇಲೆ ನೋಡೋಣ. ಈಗ ನಿನ್ನ ಚಪ್ಪಡಿ ಮಾತ್ರ ಎಳೆದು ಕೊಡ್ತೀನಿ," ಎಂದು ಹಗ್ಗ ತಗೊಂಡಿತು.

ಉಳಿದದ್ದು ಆರು ದಿನ. ಪದುಮೆ ಬೆಳಕು ಹರಿದಾಗ ಉಳಿ ಹಿಡಿದರೆ ಬೆಳಕು ಹೋಗುವ ತನಕ ಬಿಡುತ್ತಿರಲಿಲ್ಲ. ಅಂಗೈಯಲ್ಲಿ ಬೊಬ್ಬೆ ಬಂತು, ಬಟ್ಟೆ ಸುತ್ತಿಕೊಂಡು ಕೆತ್ತಿದಳು. ಬೊಬ್ಬೆ ಒಡೆಯಿತು, ಇನ್ನೊಂದು ಸುತ್ತು ಬಟ್ಟೆ ಸುತ್ತಿದಳು. ಪೀಠ ಬಂತು, ಕೊಡೆ ಬಂತು, ಪಾದದ ಗುರುತು ಬಂದವು. ದಿಂಬಿನ ತಗ್ಗಿಗೆ ಒಂದಿಡೀ ದಿನ ಹಿಡಿಯಿತು. ಆಗಾಗ ತಿರುಗಿ ಅಪ್ಪನ ಮುಖ ನೋಡುತ್ತಿದ್ದಳು. ಹೆಚ್ಚಾಯಿತಾ, ಕಡಿಮೆಯಾಯಿತಾ ಎಂದು ಕೇಳಬೇಕೆನಿಸುತ್ತಿತ್ತು.

ವೈಶಾಖ ಹುಣ್ಣಿಮೆ ಬಂತು. ಜಂಭಕ ಬೆಳಗ್ಗೆಯೇ ಸುಣ್ಣದ ಗೂಡಿಗೆ ಬೆಂಕಿ ಹಾಕಿಸಿದ. ಊರ ಜನ ಹೆದರಿಕೊಂಡು ದೂರದಲ್ಲಿ ನಿಂತಿದ್ದರು. ಜಂಭಕ ಚಪ್ಪಡಿ ನೋಡಿ ಹುಬ್ಬು ಗಂಟಿಕ್ಕಿದ.

"ಪೀಠ ಇದೆ. ನಾನೆಲ್ಲಿ?"

"ಹೆಸರು ಕೆತ್ತಿ, ಧಾರೆ ಆಗದೆ ಪೀಠದ ಮೇಲಿನ ಜಾಗಕ್ಕೆ ನಾವು ಉಳಿ ತಾಕಿಸೋದಿಲ್ಲ ಸ್ವಾಮಿ. ಕಲ್ಲು ನಮ್ಮದು, ನಿಮ್ಮ ದಾನ ಏನು ಅಂತ ಬರೀಲಿ?"

"ನಾನು ಯಾಕೆ ಕೊಡಬೇಕು?"

"ಕೊಡದವರ ಚಪ್ಪಡಿ ಇಲ್ಲಿ ನಿಲ್ಲೋದಿಲ್ಲ," ಎಂದಳು ಖೇಮವ್ವ ಕೋಲೂರಿಕೊಂಡು ಮುಂದೆ ಬಂದು. "ನೋಡು, ಇದು ಹೂವಾಡಗಿತ್ತಿ ಚಂದವ್ವೆಯ ದಾನ. ಇದು ಅಂಬಿಗ ಪುಸ್ಸನ ದಾನ. ಅಗೋ, ಅದು ಆರನೇ ಅರಸರದ್ದು."

ಹೂವಾಡಗಿತ್ತಿಯ ಹೆಸರು ಕಂಡು ಜಂಭಕನಿಗೆ ಮೈ ಉರಿಯಿತು. "ಇವರೆಲ್ಲರನ್ನೂ ಮೀರಿಸಬೇಕು ನಂದು. ಚಿನ್ನ ಅಂತ ಬರಿ!"

"ಚಿನ್ನ ಮೂರನೇ ಅರಸರು ಕೊಟ್ಟಾಯ್ತು," ಎಂದಳು ಪದುಮೆ.

"ಹಾಗಾದರೆ ಇಡೀ ರಾಜ್ಯ!"

"ಅದು ನಿಮ್ಮದಲ್ಲ. ತನ್ನದಲ್ಲದ್ದನ್ನು ಧಾರೆ ಎರೆಯೋ ಹಾಗಿಲ್ಲ. ನಿಮ್ಮದೇ ಅಂತ ಏನಿದೆ?"

"ನನ್ನ ಉಸಿರಿನ ಬಲ!" ಎಂದು ಎದೆ ತಟ್ಟಿಕೊಂಡ ಜಂಭಕ. "ಅದು ಯಾವ ಅರಸನ ಹತ್ತಿರವೂ ಇರಲಿಲ್ಲ. ಬರಿ, ಅದನ್ನೇ ಬರಿ!"

"ಕೊಟ್ಟದ್ದು ವಾಪಸ್ ಬರಲ್ಲ. ಯೋಚನೆ ಮಾಡಿ," ಎಂದಳು ಪದುಮೆ.

"ಬರಿ ಅಂದೆ."

ಪದುಮೆ ಕೆತ್ತಿದಳು: ಜಂಭಕನ ದಾನ, ಅವನ ಉಸಿರಿನ ಬಲ, ಸಕಲ ಜೀವಿಗಳ ಹಿತಕ್ಕಾಗಿ. ಕೊಡ ಎತ್ತಿ ಅವನ ಕೈಗೆ ಕೊಟ್ಟಳು. "ನೀರು ಬಿದ್ದ ಮೇಲೆ ಅದು ನಿಮ್ಮದಲ್ಲ. ಯೋಚನೆ ಮಾಡಿ."

"ನಾಲ್ಕು ಅಕ್ಷರ, ಒಂದು ಕೊಡ ನೀರು, ಇದಕ್ಕೆ ಹೆದರೋ ಹಾಗಿದ್ದರೆ ಮಾಂತ್ರಿಕ ಯಾಕಾಗ್ತಿದ್ದೆ!"

"ಮೂರನೇ ಸಲ ಹೇಳ್ತಿದ್ದೀನಿ. ಯೋಚನೆ ಮಾಡಿ."

ಜಂಭಕ ಹಹ್ಹಹ್ಹಾ ಎಂದು ನಕ್ಕು ಕೊಡ ಬಗ್ಗಿಸಿದ. ಖೇಮವ್ವ ಧಾರೆಯ ಮಾತು ಹೇಳಿದಳು. ನೀರು ಚಪ್ಪಡಿಯ ಬುಡಕ್ಕೆ ಬಿತ್ತು. ನಗು ಅರ್ಧಕ್ಕೇ ನಿಂತಿತು. ಅವನ ಬಾಯಿಂದ ದೊಡ್ಡದೊಂದು ಗಾಳಿ ಹೊರಟು ಸ್ತೂಪಕ್ಕೆ ಮೂರು ಸುತ್ತು ಬಂದು ಊರ ಮೇಲೆ, ಹೊಲದ ಮೇಲೆ, ಹೊಳೆಯ ಮೇಲೆ ಹರಡಿಹೋಯಿತು. ಕೊಡದಲ್ಲಿ ಇನ್ನೂ ಒಂದಿಷ್ಟು ನೀರು ಉಳಿದಿತ್ತು. ಕೊಡವನ್ನು ಖೇಮವ್ವ ತಗೊಂಡಳು.

"ಏಯ್, ಈಗ ಕೆತ್ತು ನನ್ನ!" ಎಂದ ಜಂಭಕ. ದನಿ ಕೀಚಲಾಗಿತ್ತು.

"ಧಾರೆಗೆ ಮೊದಲು ಆ ಜಾಗಕ್ಕೆ ಉಳಿ ತಾಕಿಸೋದಿಲ್ಲ. ಧಾರೆ ಆದ ಮೇಲೂ ತಾಕಿಸೋದಿಲ್ಲ," ಎಂದಳು ಪದುಮೆ. "ನಮ್ಮಲ್ಲಿ ಪೀಠ ಕೆತ್ತೋದು ಹೀಗೇ. ಒಂದು ಗೆರೆ ಹೆಚ್ಚಿಲ್ಲ, ಕಡಿಮೆ ಇಲ್ಲ."

ಜಂಭಕ ಚಿಟಿಕೆ ಸುಣ್ಣ ತೆಗೆದು ಉಫ್ ಎಂದ. ಪುಡಿ ಅಂಗೈ ಬಿಟ್ಟು ಮೇಲೇಳಲಿಲ್ಲ. ಮತ್ತೊಮ್ಮೆ ಊದಿದ. ಅವನ ಮೂಗಿಗೇ ಹೋಯಿತು, ಸೀನಿದ. ಜನ ದೂರದಿಂದ ಹತ್ತಿರ ಬಂದರು, ಮೊದಲು ಒಬ್ಬ ನಕ್ಕ, ಆಮೇಲೆ ಎಲ್ಲರೂ ನಕ್ಕರು.

ಜಂಭಕನ ಉಸಿರು ಕಟ್ಟಿಹಾಕಿದ್ದ ಚಪ್ಪಡಿಗಳೆಲ್ಲ ಈಗ ಬಾಗಿಲಿನ ಹಾಗೆ ತೆರೆದಿದ್ದವು. ಆದರೆ ಮೃಗ ಒಳಗೆ ನಡೆದರೆ ಮಾತ್ರ ಮನುಷ್ಯ ಹೊರಗೆ. ಸಿಂಹ ಬಂದಿತು. "ನೋಡಬೇಕಾದ್ದು ನೋಡಿಯಾಯ್ತು. ಇನ್ನು ಒಳಗಿದ್ದರೂ ಕಣ್ಣು ಕಾಣ್ತದೆ," ಎಂದು ಒಳಗೆ ಹೋಯಿತು, ಅರಸ ಹೊರಗೆ ಬಂದ. ನಾಗ ಬಂದಿತು. "ಮಳೆ ಬಂದಾಗ ಬಾಯಿ ತೆರೆದಿದ್ದರೆ ಆಯ್ತು," ಎಂದು ಒಳಗೆ ಹೋಯಿತು, ರಾಣಿ ಹೊರಗೆ ಬಂದಳು. ಹಂಸ ಒಳಗೆ, ಮಂತ್ರಿ ಹೊರಗೆ.

ಆನೆ ಮಾತ್ರ ಬಾಗಿಲಲ್ಲಿ ನಿಂತೇ ಇತ್ತು. ಕಲ್ಲಿನಲ್ಲಿ ಮೂಲಯ್ಯ ಉಳಿ ಎತ್ತಿಕೊಂಡು ನಿಂತೇ ಇದ್ದ.

"ಏನು ನೋಡ್ತಿದ್ದೀರಿ? ಭರ್ಜಿ ತನ್ನಿ, ಅದನ್ನ ಒಳಗೆ ಅಟ್ಟಿ!" ಎಂದ ಮಿಗಸೇನ ಅರಸ.

ಭಟರು ಭರ್ಜಿ ಹಿಡಿದು ಮುಂದೆ ಬಂದರು. ಪದುಮೆ ಓಡಿಹೋಗಿ ಆನೆಯ ಮುಂದೆ ಎರಡೂ ಕೈ ಅಗಲಿಸಿ ನಿಂತಳು. ಒಂಬತ್ತು ದಿನ ಅವಳು ದುಡಿದದ್ದೆಲ್ಲ ಆ ಚಪ್ಪಡಿಯಲ್ಲಿದ್ದವನಿಗಾಗಿ, ಈಗ ಅವಳೇ ಅಡ್ಡ ನಿಂತಿದ್ದಳು.

"ಬೇಡಿ ಪ್ರಭು. ಅಟ್ಟಿ ಕೊಡಿಸಿದ್ದು ದಾನ ಅಲ್ಲ. ಹಾಗೆ ಮಾಡಿದರೆ ನಮಗೂ ಈ ಜಂಭಕನಿಗೂ ಏನು ವ್ಯತ್ಯಾಸ?"

"ನಿನ್ನಪ್ಪ ಅಲ್ಲೇ ಉಳೀತಾನಲ್ಲೇ, ಹುಚ್ಚಿ!"

"ಗೊತ್ತು," ಎಂದಳು ಪದುಮೆ, ಅಳುತ್ತಲೇ. ಆದರೆ ಕೈ ಇಳಿಸಲಿಲ್ಲ.

ಆನೆ ಅವಳ ಭುಜದ ಮೇಲಿಂದ ಸೊಂಡಿಲು ಚಾಚಿ ಖೇಮವ್ವನ ಕೈಯಲ್ಲಿದ್ದ ಕೊಡದಿಂದ ಉಳಿದ ನೀರನ್ನು ಸೊರ್ರನೆ ಹೀರಿಕೊಂಡಿತು.

"ಮರಿ ನೀರಾಟ ಆಡ್ತಾ ಇರಬೇಕು, ಮರೀಬೇಡ," ಎಂದಿತು.

"ಮರೆಯಲ್ಲ," ಎಂದಳು ಪದುಮೆ.

"ಕೈ ಹಿಡಿ."

ಬೊಬ್ಬೆ ಒಡೆದ ಎರಡು ಅಂಗೈಯನ್ನು ಅವಳು ಚಾಚಿದಳು. ಆನೆ ಸೊಂಡಿಲಿನಿಂದ ಅವುಗಳ ಮೇಲೆ ನೀರು ಬಿಟ್ಟಿತು, ನಿಧಾನವಾಗಿ, ಕೊನೆಯ ಹನಿಯ ತನಕ. ಖೇಮವ್ವ ಧಾರೆಯ ಮಾತು ಹೇಳಿದಳು. ಆನೆ ಒಮ್ಮೆ ಹೊಳೆಯ ಕಡೆ ನೋಡಿತು, ತಿರುಗಿ ಚಪ್ಪಡಿಯೊಳಗೆ ನಡೆಯಿತು.

ಮೂಲಯ್ಯ ಹೊರಗೆ ಬಂದ. ಎತ್ತಿದ್ದ ಉಳಿ ಕೆಳಗಿಳಿಸಿದ. ಮಗಳನ್ನು ನೋಡಿದ, ಹೊಸ ಪೀಠ ನೋಡಿದ, ಹತ್ತಿರ ಹೋಗಿ ಬೆರಳಿನಿಂದ ದಿಂಬು ಸವರಿದ.

"ತಗ್ಗು ಒಂದು ಕೂದಲೆಳೆ ಜಾಸ್ತಿಯಾಯ್ತು," ಎಂದ. ಆಮೇಲೆ ಅವಳ ಅಂಗೈ ಕಂಡ. ಅದನ್ನು ಕಣ್ಣಿಗೊತ್ತಿಕೊಂಡು ಮಗುವಿನ ಹಾಗೆ ಅತ್ತ.

ಸುಣ್ಣದ ಗೂಡು ಆರಿಸಿದರು. ಜಂಭಕನನ್ನು ಯಾರೂ ಕೊಲ್ಲಲಿಲ್ಲ, ಓಡಿಸಲೂ ಇಲ್ಲ. ಖೇಮವ್ವ ಅವನ ಕೈಗೊಂದು ಊದುಗೊಳವೆ ಕೊಟ್ಟು ವಿಹಾರದ ಅಡುಗೆಮನೆಗೆ ಕಳಿಸಿದಳು. ಊದುವುದು ಅವನಿಗೆ ಅಭ್ಯಾಸವಲ್ಲವೇ! ಮೊದಮೊದಲು ಒಂದು ಒಲೆ ಹೊತ್ತಿಸಲು ಅರ್ಧ ದಿನ ಬೇಕಾಗುತ್ತಿತ್ತಂತೆ. ಬರುಬರುತ್ತಾ ಅನ್ನ ಬಡಿಸುವುದನ್ನೂ ಕಲಿತ, ಬಡಿಸುತ್ತಾ ಬಡಿಸುತ್ತಾ ಮುಖ ಕೂಡ ಮೆತ್ತಗಾಯಿತು ಎನ್ನುತ್ತಾರೆ. ಅವನ ಹೆಸರಿನ ಚಪ್ಪಡಿಯನ್ನು ಹಳೆಯದರ ಪಕ್ಕಕ್ಕೆ ನಿಲ್ಲಿಸಿದರು. ಕೊಟ್ಟದ್ದು ಕೊಟ್ಟದ್ದೇ ತಾನೇ.

ಪದುಮೆ ಮೂರು ತಿಂಗಳು ಬಾಗಿಲ ಪಕ್ಕದ ಚಪ್ಪಡಿ ಬಿಟ್ಟು ಕದಲಲಿಲ್ಲ. ಆನೆಯ ಕಾಲ ಬಳಿ ಹೊಳೆ ಹರಿಸಿದಳು, ದಡದ ತುಂಬ ಕಬ್ಬು ಬೆಳೆಸಿದಳು, ಹೆಣ್ಣಾನೆಯನ್ನು ನಿಲ್ಲಿಸಿದಳು, ಸೊಂಡಿಲಿನಲ್ಲಿ ನೀರು ಚಿಮ್ಮುವ ಮರಿಯನ್ನೂ ಬಿಟ್ಟಳು. ಕೊನೆಗೆ ಬುಡದಲ್ಲಿ ಯಾರ ಹೆಸರು ಎಂಬ ಮಾತು ಬಂತು. ಆ ಕಲ್ಲು ಮೊದಲು ತನ್ನ ತಂದೆ ಕೊಟ್ಟದ್ದು ಎಂದ ಅರಸ. ಮೊದಲ ಹೆಸರು ಇರಲಿ, ಅದರ ಕೆಳಗೆ ಇನ್ನೊಂದು ಬೇಕು ಎಂದಳು ಪದುಮೆ. ಅರಸ ಒಪ್ಪಿದ.

ಆಮೇಲೆ ಬೆಳ್ಗಲ್ಲಿನಲ್ಲಿ ಹೊಳೆ ತುಂಬಿ ಹರಿಯಿತು, ಅರಸ ನೆಟ್ಟಗೆ ಆಳಿದ, ಅಪ್ಪ ಮಗಳು ದಿನಾ ಜಗಳವಾಡಿಕೊಂಡು ಒಂದೇ ಕಲ್ಲು ಕೆತ್ತಿಕೊಂಡು ಸುಖವಾಗಿದ್ದರು. ಸ್ತೂಪಕ್ಕೆ ಬಂದವರು ಖಾಲಿ ಪೀಠಕ್ಕೆ ಕೈ ಮುಗಿದು ಹೊರಡುವಾಗ ಬಾಗಿಲ ಹತ್ತಿರ ಬಗ್ಗಿ ಆ ಎರಡನೆಯ ಸಾಲು ಓದುತ್ತಿದ್ದರು. ಅಲ್ಲಿ ಬರೆದದ್ದು ಇಷ್ಟೇ: ಆನೆಯ ದಾನ, ಒಬ್ಬ ಅಪ್ಪ.